ಬೆಳಗಿನ ಚಳಿಗೆ ಬೈಕ್ ಸ್ಟಾರ್ಟ್ ಆಗುವುದಿಲ್ಲ, ಚೋಕ್ ತೆಗೆದರೆ ನಿಂತುಹೋಗುತ್ತದೆ: ಕಾರಣವೇನು?

ನಿಮ್ಮ ಹಳೆಯ 100 ಸಿಸಿ ಬೈಕ್ ಮೂಡಿಗೆರೆಯ ಚಳಿಯಲ್ಲಿ ಹತ್ತಾರು ಕಿಕ್ ಹೊಡೆದರಷ್ಟೇ ಸ್ಟಾರ್ಟ್ ಆಗುತ್ತದೆ, ಎಂಜಿನ್ ಬಿಸಿಯಾದ ಮೇಲೂ ಚೋಕ್ ತೆಗೆದರೆ ನಿಂತುಹೋಗುತ್ತದೆ, ಮೆಕ್ಯಾನಿಕ್ ಐಡ್ಲಿಂಗ್ (ಆಕ್ಸಿಲರೇಟರ್ ಕೊಡದಿರುವಾಗಿನ ಎಂಜಿನ್ ವೇಗ) ಏರಿಸಿಕೊಟ್ಟರೂ ಪ್ರಯೋಜನವಾಗಲಿಲ್ಲ ಎಂದು ಬರೆದಿದ್ದೀರಿ. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಬೇಕಾಗುವುದು ಸಹಜ. ಆದರೆ ಬಿಸಿಯಾದ ಎಂಜಿನ್ನೂ ಚೋಕ್ ಬೇಡುತ್ತಿದ್ದರೆ, ಐಡ್ಲಿಂಗ್‌ನಲ್ಲಿ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಹೆಚ್ಚಿನ ಗಾಳಿ ನುಸುಳುತ್ತಿದೆ ಎಂದರ್ಥ. ಐಡ್ಲಿಂಗ್ ಸ್ಕ್ರೂ ತಿರುಗಿಸುವುದರಿಂದ ಈ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ನಾನಾಗಿದ್ದರೆ ಮೊದಲು ಐಡ್ಲಿಂಗ್‌ಗೆ ಪೆಟ್ರೋಲ್ ಒದಗಿಸುವ ಸ್ಲೋ ಜೆಟ್ ನೋಡುತ್ತಿದ್ದೆ. ಪೆಟ್ರೋಲ್ ಕಾಕ್ ಮುಚ್ಚಿ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ನ ಕೆಳಗಿನ ಬೌಲ್ ಬಿಚ್ಚಿದರೆ ದಪ್ಪನೆಯ ಮೇನ್ ಜೆಟ್ ಪಕ್ಕದಲ್ಲಿ ಸಣಕಲು ಹಿತ್ತಾಳೆಯ ಕೊಳವೆಯೊಂದು ಕಾಣುತ್ತದೆ. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಬೈಕ್ ಕೆಲವು ವಾರ ನಿಂತಿದ್ದರೆ ಪೆಟ್ರೋಲ್ ಆರಿ ಉಳಿದ ಅಂಟು ಆ ತೂತನ್ನು ಮುಚ್ಚಲು ಸಾಕು. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ: ತೂತು ದುಂಡಗೆ, ಅಂಚು ಶುಭ್ರವಾಗಿ ಕಾಣಬೇಕು. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ಕಂಪ್ರೆಸರ್ ಗಾಳಿ ಹೊಡೆಯಿರಿ. ತಂತಿ ಚುಚ್ಚಿದರೆ ತೂತು ಹಿಗ್ಗಿ ಜೆಟ್ ಕೆಡುತ್ತದೆ. ಕೆಲವು ಕಾರ್ಬೊರೇಟರ್‌ಗಳಲ್ಲಿ ಈ ಜೆಟ್ ಬಿಚ್ಚಿ ಬರುವುದೇ ಇಲ್ಲ. ಬಲವಂತ ಮಾಡದೆ ಇದ್ದಲ್ಲಿಯೇ ಸ್ವಚ್ಛಗೊಳಿಸಿ.

ಜೆಟ್ ಸರಿಯಿದ್ದರೆ, ಕಾರ್ಬೊರೇಟರ್ ಎಂಜಿನ್‌ಗೆ ಸೇರುವ ಜಾಗವನ್ನು ಅನುಮಾನಿಸಬೇಕು. ಎಂಜಿನ್ ಓಡುತ್ತಿರುವಾಗ ಆ ಜೋಡಣೆಯ ಸುತ್ತ ನೀರನ್ನು ತೆಳುವಾಗಿ ಸಿಂಪಡಿಸಿದಾಗ ಶಬ್ದ ಬದಲಾದರೆ, ಅಲ್ಲಿನ ರಬ್ಬರ್ ಅಥವಾ ಓ-ರಿಂಗ್ ಬಿರುಕು ಬಿಟ್ಟಿದೆ. ಇದಕ್ಕೆ ಪೆಟ್ರೋಲ್ ಬಳಸುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ.

ಇದೆಲ್ಲ ಆದ ಮೇಲಷ್ಟೇ ಟ್ಯೂನಿಂಗ್, ಅದೂ ಎಂಜಿನ್ ಚೆನ್ನಾಗಿ ಬಿಸಿಯಾದಾಗ. ಮಿಶ್ರಣದ ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು, ಒಳಕ್ಕೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಕಡೆಗಿದ್ದರೆ ಸಾಮಾನ್ಯವಾಗಿ ಅದು ಪೆಟ್ರೋಲಿನದು, ಆಗ ಪೆಟ್ರೋಲ್ ಹೆಚ್ಚಿಸಲು ಹೊರಕ್ಕೆ ತಿರುಗಿಸಬೇಕು. ಈ ವ್ಯತ್ಯಾಸ ಗಮನಿಸದೆ ಎಲ್ಲ ಗಾಡಿಗೂ ಒಂದೇ ಲೆಕ್ಕ ಹಾಕುವ ಮೆಕ್ಯಾನಿಕ್‌ಗಳು ಕಡಿಮೆಯಿಲ್ಲ. ಎಂಜಿನ್ ವೇಗ ಅತಿ ಹೆಚ್ಚಾಗಿ, ಸಮವಾಗಿ ಕೇಳಿಸುವ ಜಾಗದಲ್ಲಿ ಆ ಸ್ಕ್ರೂ ನಿಲ್ಲಿಸಿ, ಬಳಿಕ ಐಡ್ಲಿಂಗ್ ಇಳಿಸಿಕೊಳ್ಳಿ.

ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಕೂಡ ಇಲ್ಲಿ ಪಾತ್ರ ವಹಿಸುತ್ತದೆ. ಎಥನಾಲ್‌ಗೆ ಉರಿಯಲು ಕಡಿಮೆ ಗಾಳಿ ಸಾಕಾದ್ದರಿಂದ, ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಿಂದ ಬರುವ ಮಿಶ್ರಣ ತುಸು ತೆಳುವಾಗುತ್ತದೆ (ಅಂದರೆ ಬೇಕಾದ್ದಕ್ಕಿಂತ ಗಾಳಿ ಹೆಚ್ಚಾಗುತ್ತದೆ), ಮತ್ತು ಕಾರ್ಬೊರೇಟರ್ ಅದನ್ನು ತಾನಾಗಿ ಸರಿಪಡಿಸಿಕೊಳ್ಳಲಾರದು. ಜೊತೆಗೆ ಎಥನಾಲ್ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಡಿಯನ್ನು ಬಹಳ ದಿನ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿಬಿಡಿ.

ಇಷ್ಟಾದರೂ ಬೆಳಗಿನ ತೊಂದರೆ ಮುಂದುವರಿದರೆ ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ) ಅಳೆಸಿ, ತಣ್ಣನೆಯ ಎಂಜಿನ್‌ನಲ್ಲಿ, ಮ್ಯಾನ್ಯುಯಲ್ ಹೇಳುವ ಅಳತೆಗೆ. ಸಂದು ತೀರ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಆಗ ಕಾರ್ಬೊರೇಟರ್ ಎಷ್ಟು ತೊಳೆದರೂ ಕಿಕ್‌ಗಳ ಸಂಖ್ಯೆ ಇಳಿಯುವುದಿಲ್ಲ.