ಮೂರು ದಿನಕ್ಕೆ ಮುಂಬೈಗೆ ಹೋಗ್ತಿದ್ದೀನಿ, ನನ್ನ ಹುಡುಗನ ಜೊತೆ ಏನೇನು ನೋಡಬಹುದು?

"ಏಳು ತಿಂಗಳಾದ ಮೇಲೆ ಭೇಟಿ, ಮೂರೇ ದಿನ, ಒಂದು ಜಾಗವೂ ತಪ್ಪಬಾರದು" ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. 2018ರ ನವೆಂಬರಿನಲ್ಲಿ ನಾನೂ ಹೀಗೇ ಹೊರಟಿದ್ದೆ.

ನಾನು ಧಾರವಾಡದಲ್ಲಿ, ಅವನು ಮುಂಬೈಯಲ್ಲಿ. ಎಂಗೇಜ್‌ಮೆಂಟ್ ಆಗಿತ್ತು, ಮದುವೆಗೆ ಇನ್ನೂ ಆರು ತಿಂಗಳಿತ್ತು. ಡೊಂಬಿವಲಿಯಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ ಅನ್ನೋ ಕಾರಣಕ್ಕೆ ಮನೆಯಲ್ಲಿ ಒಪ್ಪಿದರು. ಬ್ಯಾಗಿನಲ್ಲಿ ಎರಡು ಕಿಲೋ ಪೇಡೆ, ಶೇಂಗಾ ಹೋಳಿಗೆ, ಜೊತೆಗೆ ಒಂದು ನೋಟ್‌ಬುಕ್ ಇತ್ತು. ಆ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಜಾಗಗಳು, ಪ್ರತಿಯೊಂದಕ್ಕೂ ಟೈಮು. ಮುಖ್ಯವಾದವು ಇವು: ಶನಿವಾರ ಗೇಟ್‌ವೇ ಆಫ್ ಇಂಡಿಯಾ, ಮ್ಯೂಸಿಯಂ, ಕ್ರಾಫರ್ಡ್ ಮಾರ್ಕೆಟ್, ಮರೀನ್ ಡ್ರೈವ್. ರವಿವಾರ ಸಿದ್ಧಿವಿನಾಯಕ, ಹಾಜಿ ಅಲಿ, ಬಾಂದ್ರಾ, ಜುಹು. ಸೋಮವಾರ ಎಲಿಫೆಂಟಾ ದ್ವೀಪದ ಗುಹೆಗಳು. ರವಿವಾರ ಅಲ್ಲಿ ಜನ ಜಾಸ್ತಿ ಅಂತ ಸೋಮವಾರಕ್ಕೆ ಇಟ್ಟಿದ್ದೆ, ಅವನಿಗೆ ರಜೆ ಹಾಕಿಸಿದ್ದೆ.

ಶನಿವಾರ ಚೆನ್ನಾಗಿಯೇ ಹೋಯಿತು. ರವಿವಾರದ ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮಗೆ ಹೇಳಬೇಕಾಗಿರುವುದು ಅದೊಂದೇ.

ರವಿವಾರ ಹಗಲು ಲೋಕಲ್ ರೈಲಿನ ಹಳಿ ಕೆಲಸಕ್ಕೆ ಮೆಗಾ ಬ್ಲಾಕ್ ಇರುತ್ತದೆ. ಫಾಸ್ಟ್ ರೈಲುಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ, ಎಲ್ಲವೂ ತಡ. ಮುಂಬೈಯಲ್ಲಿರುವವರಿಗೆ ಇದು ಬಾಯಿಪಾಠ. ನನಗೆ ಗೊತ್ತಿರಲಿಲ್ಲ, ಅವನನ್ನು ಕೇಳಿಯೂ ಇರಲಿಲ್ಲ. ದಾದರಿನಲ್ಲಿ ಇಳಿಯುವಾಗ ಮಧ್ಯಾಹ್ನವೇ ಆಗಿಹೋಗಿತ್ತು. ನಾನು ಬ್ರಿಜ್ ಮೇಲೆ ನಿಂತು ನೋಟ್‌ಬುಕ್ಕಿನಲ್ಲಿ ಟೈಮು ತಿದ್ದುತ್ತಿದ್ದೆ. ಆಗ ಅವನು ಮೆಲ್ಲಗೆ ಕೇಳಿದ, "ಮಾಟುಂಗಾಕ್ಕ ಹೋಗೋಣೇನು? ಒಂದ ಸ್ಟೇಷನ್ನು. ನಾ ಊಟ ಮಾಡೋ ಜಾಗ ತೋರಸ್ತೀನಿ."

ನಾನು ತಲೆ ಎತ್ತದೇ ಹೇಳಿದೆ, "ಉಡುಪಿ ಊಟಕ್ಕ ಮುಂಬೈತನಕಾ ಬರಬೇಕೇನು? ಅದು ನಮ್ಮ ಊರಾಗೂ ಸಿಗತದ."

ಅವನು "ಆತು ಬಿಡು" ಅಂದ. ಅಷ್ಟೇ. ಸಿದ್ಧಿವಿನಾಯಕಕ್ಕೆ ಹೋದೆವು, ಸಾಲಿನಲ್ಲಿ ನಿಂತೆವು, ಜುಹುವಿನಲ್ಲಿ ಫೋಟೋ ತೆಗೆಸಿಕೊಂಡೆವು. ಅವನು ಜಗಳ ಆಡಲಿಲ್ಲ. ಆಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನಾನು ಮಾಡಿದ್ದೇನು ಅಂತ ಬಿಡಿಸಿ ಹೇಳುತ್ತೇನೆ. ಅವನಿದ್ದದ್ದು ಮುಲುಂಡಿನ ಒಂದು ರೂಮಿನಲ್ಲಿ, ಮೂರು ಜನರ ಜೊತೆ. ವಾರವಿಡೀ ಡಬ್ಬಿ ಊಟ. ರವಿವಾರ ಮಾತ್ರ ಮಾಟುಂಗಾಕ್ಕೆ ಹೋಗಿ, ಬಾಳೆ ಎಲೆ ಊಟ ಮಾಡಿ, ಅಲ್ಲಿ ಫ್ಲೈಓವರ್ ಕೆಳಗಿರುವ ತೋಟದಲ್ಲಿ ನಡೆಯುತ್ತಾ ನನಗೆ ಫೋನ್ ಮಾಡುತ್ತಿದ್ದ. ಒಂದೂವರೆ ವರ್ಷ, ಹೆಚ್ಚು ಕಡಿಮೆ ಪ್ರತಿ ರವಿವಾರ. ಎರಡೂ ಕಡೆ ವಾಹನಗಳ ಗದ್ದಲ, ಮಧ್ಯದಲ್ಲಿ ಅವನ ದನಿ. "ನೀ ಬಂದಾಗ ಇಲ್ಲೇ ಕರಕೊಂಡು ಬರ್ತೀನಿ" ಅಂತ ಎಷ್ಟು ಸಲ ಹೇಳಿದ್ದನೋ. ನಮ್ಮ ಮದುವೆಯ ಮಾತು, ಅವರಪ್ಪನ ಆಪರೇಷನ್ ಮಾತು, ಎಲ್ಲ ಆಗಿದ್ದು ಆ ತೋಟದಿಂದಲೇ. ಮುಂಬೈಯಲ್ಲಿ ನಮ್ಮಿಬ್ಬರದು ಅಂತ ಇದ್ದದ್ದು ಅದೊಂದೇ ಜಾಗ. ಹದಿನಾಲ್ಕು ಜಾಗಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಅವನೇ ಬಾಯಿಬಿಟ್ಟು ಕೇಳಿದಾಗಲೂ ನಾನು ಅದನ್ನು ಬರೀ ಊಟ ಅಂದುಕೊಂಡೆ. ಅವನು ಕರೆದದ್ದು ಊಟಕ್ಕಲ್ಲ.

ಸೋಮವಾರ ಬೆಳಿಗ್ಗೆ ಎಲಿಫೆಂಟಾದ ದೋಣಿ ಹಿಡಿಯಲು ಗೇಟ್‌ವೇಗೆ ಹೋದರೆ "ಆಜ್ ಬಂದ್ ಹೈ" ಅಂದರು. ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜೆ. ನಿಮ್ಮ ಮೂರು ದಿನದಲ್ಲಿ ಸೋಮವಾರ ಇದ್ದರೆ ಇದನ್ನು ನೆನಪಿಡಿ. ಆದರೆ ಜನ ಕೇಳಿದಾಗ ಆ ಟ್ರಿಪ್ ಹಾಳಾಗಿದ್ದು ಎಲಿಫೆಂಟಾದಿಂದ ಅಂತ ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ಹಾಳಾಗಿದ್ದು ದಾದರಿನ ಬ್ರಿಜ್ ಮೇಲೆ.

ನಾನು ಊರಿಗೆ ಬಂದ ಮೇಲೆ ರವಿವಾರದ ಫೋನು ರಾತ್ರಿಗೆ ಸರಿಯಿತು. ಹಿಂದೆ ಗದ್ದಲವಿಲ್ಲ. ಮೂರು ವಾರವಾದ ಮೇಲೆ "ಯಾಕ, ಮಾಟುಂಗಾಕ್ಕ ಹೋಗಂಗಿಲ್ಲೇನು?" ಅಂತ ಕೇಳಿದೆ. "ಒಬ್ಬನ ಹೋಗಬೇಕ ಅನಸೂದಿಲ್ಲ ಈಗ" ಅಂದ. ಆಗ ನನಗೆ ಅರ್ಥವಾಯಿತು. ಅವತ್ತು ರಾತ್ರಿ ಅಳುತ್ತಲೇ ಕ್ಷಮೆ ಕೇಳಿದೆ.

ಫೆಬ್ರವರಿಯಲ್ಲಿ ಮತ್ತೆ ಹೋದೆ. ಬುಧವಾರದಿಂದ ರವಿವಾರದವರೆಗೆ. ಅವನಿಗೆ ಒಂದು ದಿನವೂ ರಜೆ ಹಾಕಬೇಡ ಅಂದೆ. ಬೆಳಿಗ್ಗೆ ಡೊಂಬಿವಲಿಯಿಂದ ಮುಲುಂಡಿಗೆ ಬಂದು ಅವನ ಜೊತೆ ಅವನ ಸ್ಲೋ ಲೋಕಲ್ ಹತ್ತಿದೆ. ನಾನು ಲೇಡೀಸ್ ಡಬ್ಬಿಯಲ್ಲಿ, ಅವನು ಜನರಲ್‌ನಲ್ಲಿ. ಕರಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲೋವರ್ ಪರೇಲಿನ ಅವನ ಆಫೀಸಿನವರೆಗೆ ಇಬ್ಬರೂ ನಡೆದೆವು. ದಾರಿಯಲ್ಲಿ ಅವನು ದಿನಾ ಚಹಾ ಕುಡಿಯುವ ಗಾಡಿಯಲ್ಲಿ ಕಟಿಂಗ್, ಅಂದರೆ ಅರ್ಧ ಗ್ಲಾಸ್ ಚಹಾ, ಕುಡಿದೆವು. ಚಹಾದವನು ನನ್ನನ್ನು ನೋಡಿ, ಅವನನ್ನು ನೋಡಿ, ದುಡ್ಡು ಬೇಡ ಅಂದ. ಆ ಒಂದು ಗಂಟೆಯಲ್ಲಿ ಅವನ ಬದುಕು ನನಗೆ ತಿಳಿದಷ್ಟು ಒಂದೂವರೆ ವರ್ಷದ ಫೋನಿನಲ್ಲಿ ತಿಳಿದಿರಲಿಲ್ಲ. ಆ ಗರ್ದಿಯಲ್ಲಿ ದಿನಾ ನಿಂತು ಬಂದ ಮೇಲೆ ರಾತ್ರಿ ಅವನ ದನಿ ಯಾಕೆ ಹಾಗಿರುತ್ತಿತ್ತು ಅಂತ ಗೊತ್ತಾಯಿತು. ಸಿಟ್ಟು ಅಂದುಕೊಂಡಿದ್ದೆ, ಅದು ಬರೀ ದಣಿವು.

ಹಗಲು ನಾನೊಬ್ಬಳೇ ಸುತ್ತಿದೆ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಟ್ಟಡವನ್ನು ರಸ್ತೆಯ ಆಚೆ ನಿಂತು ಸಮಾಧಾನವಾಗಿ ನೋಡಿದೆ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಟೇಷನ್ ಅದು, ಮೊದಲ ಸಲ ಅದರೊಳಗಿಂದ ಓಡಿಬಂದಿದ್ದೆ ಅಷ್ಟೇ. ಶುಕ್ರವಾರ ಎಲಿಫೆಂಟಾಕ್ಕೂ ಹೋದೆ. ಸುಮಾರು ಒಂದು ಗಂಟೆ ದೋಣಿ, ಆಮೇಲೆ ಮೆಟ್ಟಿಲು, ಒಳಗೆ ಕತ್ತಲಲ್ಲಿ ಆ ಮೂರು ಮುಖದ ಶಿವ. ಸಂಜೆ ಮರೀನ್ ಡ್ರೈವ್ ಕಟ್ಟೆಯ ಮೇಲೆ ಕೂತು ಅವನಿಗೆ ಎಲ್ಲ ಹೇಳಿದೆ. ಅವನು ಎಲಿಫೆಂಟಾ ಇನ್ನೂ ನೋಡಿರಲಿಲ್ಲ. ಅವನ ಊರನ್ನು ನಾನು ಅವನಿಗೆ ಹೇಳುವಂತಾಯಿತು, ಎಷ್ಟು ಖುಷಿಯಾಯಿತು ಗೊತ್ತಾ!

ರವಿವಾರ ಮಾಟುಂಗಾ. 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗಿನಲ್ಲಿ ಸಾಲು ನಿಂತು, ಬಾಳೆ ಎಲೆ ಮುಂದೆ ಕೂತೆವು. ಬಡಿಸುವವರಿಗೆ ಅವನು ಕನ್ನಡದಲ್ಲಿ "ಇವರಿಗೆ ಇನ್ನೊಂದು ಸ್ವಲ್ಪ ಸಾರು" ಅಂದ. ಹೂವಿನ ಅಂಗಡಿಯಲ್ಲಿ ಮಲ್ಲಿಗೆ ಕೊಡಿಸಿದ. ಆಮೇಲೆ ಫ್ಲೈಓವರ್ ಕೆಳಗಿನ ತೋಟ. ಅಲ್ಲಿನ ದಾರಿಯನ್ನು ನರ್ಮದಾ ನದಿ ಹರಿಯುವ ಹಾಗೆ ತಿರುವು ತಿರುವಾಗಿ ಮಾಡಿದ್ದಾರೆ. ಒಳಗೆ ಕಾಲಿಟ್ಟ ತಕ್ಷಣ ಎರಡೂ ಕಡೆಯಿಂದ ಆ ಗದ್ದಲ ಬಂತು. ಕಣ್ಣು ಮುಚ್ಚಿದ್ದರೂ ಗುರುತು ಹಿಡಿಯುತ್ತಿದ್ದೆ.

ಅದಕ್ಕೇ ನಾನು ನಿಮಗೆ ಪಟ್ಟಿ ಕೊಡುವುದಿಲ್ಲ. ಅಪರಿಚಿತರ ಹತ್ತಿರ ಪಟ್ಟಿ ಕೇಳುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಮೂರು ದಿನದಲ್ಲಿ ಮುಂಬೈ ಮುಗಿಯುವುದಿಲ್ಲ, ಮುಗಿಸುವುದೂ ಬೇಡ. ಅವನು ಮೂರೂ ದಿನ ರಜೆ ಹಾಕಲಿ ಅಂತ ಹಟ ಮಾಡಬೇಡಿ. ಕೆಲಸದ ದಿನ ಒಂದಾದರೂ ಇರಲಿ, ಅವನ ರೈಲು ಹತ್ತಿ. ಸರ್‌ಪ್ರೈಸ್ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ, ರೂಮಿನಲ್ಲಿ ಇನ್ನೂ ಜನ ಇರುತ್ತಾರೆ, ಅವನಿಗೆ ಮುಜುಗರ. ನೆಂಟರ ಮನೆಯಲ್ಲಿ ಉಳಿಯುವುದಾದರೆ ಅವನ ಕಡೆಗೇ ಹತ್ತಿರ ಇರುವಂತೆ ನೋಡಿ. ಮೊದಲ ಸಲ ಅವನು ಪ್ರತಿ ರಾತ್ರಿ ನನ್ನನ್ನು ಡೊಂಬಿವಲಿಗೆ ಬಿಟ್ಟು ಮುಲುಂಡಿಗೆ ವಾಪಸ್ ಹೋಗುತ್ತಿದ್ದ, ಆ ದಣಿವನ್ನೂ ನಾನು ಗಮನಿಸಿರಲಿಲ್ಲ.

ಇವತ್ತು ರಾತ್ರಿ ಫೋನ್ ಮಾಡಿದಾಗ ಒಂದು ಮಾತು ಕೇಳಿ: "ನೀನು ನನ್ನ ಜೊತೆ ಮಾತಾಡುವಾಗ ಎಲ್ಲಿ ನಿಂತಿರ್ತೀಯಾ?" ಅವನು ಹೇಳಿದ ಜಾಗ ಯಾವ ಸ್ಟೇಷನ್ ಹತ್ತಿರ ಅಂತ ಇಲ್ಲಿ ಬರೆಯಿರಿ. ಅಲ್ಲಿಗೆ ಯಾವ ರೈಲು ಹಿಡಿಯಬೇಕು, ಎಲ್ಲಿ ಬದಲಿಸಬೇಕು ಅನ್ನುವುದನ್ನು ನಾನು ಹೇಳುತ್ತೇನೆ.