ತಂಡದವನ ಮೇಲೆ ಡೋಪಿಂಗ್ ಅನುಮಾನವೇ? ಮೊದಲು ಅವತ್ತಿನ ಗಾಳಿ ನೋಡಿ

ನಿಮ್ಮ ಸೈಕಲ್ ರೇಸ್ ತಂಡದ ಹುಡುಗನೊಬ್ಬ ಒಂದೇ ವರ್ಷದಲ್ಲಿ ಏರಿನಲ್ಲಿ ವಿಪರೀತ ವೇಗವಾಗಿದ್ದಾನೆ, ವ್ಯಾಟ್ ಲೆಕ್ಕ ನೋಡಿದರೆ ಮದ್ದು ತೆಗೆದುಕೊಂಡ ಹಾಗಿದೆ, ಉಳಿದವರಿಗೆ ಹೇಳಲಾ ಅಂತ ಕೇಳಿದ್ದೀರಿ. ನಾನು ಹೇಳಿದ್ದೆ. ಒಬ್ಬ ಒಳ್ಳೆಯ ಗೆಳೆಯನನ್ನು ಕಳೆದುಕೊಂಡೆ.

ನಾವಿಬ್ಬರೂ ಒಂದೇ ಹವ್ಯಾಸಿ ತಂಡದಲ್ಲಿ ಐದು ವರ್ಷ ರೇಸ್ ಮಾಡಿದವರು. ಪ್ರತಿ ವರ್ಷ ಒಂದು ರೇಸ್ 4 ಕಿಲೋಮೀಟರ್ ಏರಿನಲ್ಲಿ ಮುಗಿಯುತ್ತಿತ್ತು. ಸರಾಸರಿ ಶೇಕಡಾ 7ರ ಏರು, ಒಟ್ಟು 280 ಮೀಟರ್ ಎತ್ತರ. ಒಂದು ವರ್ಷ ಅವನು ಅದನ್ನು 12 ನಿಮಿಷ 30 ಸೆಕೆಂಡಿನಲ್ಲಿ ಹತ್ತಿದ. ಮರುವರ್ಷ 11 ನಿಮಿಷ. ನಾನು ಆಗ ಫೆಸ್ಟಿನಾ ಅನ್ನುವ ಸೈಕಲ್ ತಂಡದ ಡೋಪಿಂಗ್ ಹಗರಣ, ಮದ್ದು ತೆಗೆದುಕೊಂಡು ಸಿಕ್ಕಿಬಿದ್ದ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕಥೆ ಎಲ್ಲ ಓದಿ ತಲೆ ತುಂಬಿಸಿಕೊಂಡಿದ್ದೆ. ಯಾರು ಗೆದ್ದರೂ ಅನುಮಾನ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಗಂಟೆಗೆ ಎಷ್ಟು ಮೀಟರ್ ಮೇಲೇರಿದ ಅಂತ ನೋಡಿ, ಅದನ್ನು ಏರಿಗೆ ತಕ್ಕ ಒಂದು ಸಂಖ್ಯೆಯಿಂದ ಭಾಗಿಸಿದರೆ ಮೈತೂಕದ ಪ್ರತಿ ಕಿಲೋಗೆ ಎಷ್ಟು ವ್ಯಾಟ್ ಶಕ್ತಿ ಹಾಕಿದ ಅಂತ ಸಿಗುತ್ತದೆ. ಶೇಕಡಾ 7ರ ಏರಿಗೆ ಆ ಸಂಖ್ಯೆ 270. ಹಿಂದಿನ ವರ್ಷ 1,344 ಮೀಟರ್, ಅಂದರೆ 5 ವ್ಯಾಟ್. ಈ ವರ್ಷ 1,527 ಮೀಟರ್, ಸುಮಾರು 5.7 ವ್ಯಾಟ್. (ಈ ಸೂತ್ರವನ್ನು ಬಳಕೆಗೆ ತಂದದ್ದು ಮಿಕೆಲೆ ಫೆರಾರಿ. ಆರ್ಮ್‌ಸ್ಟ್ರಾಂಗ್ ಪ್ರಕರಣದಲ್ಲಿ 2012ರಲ್ಲಿ ಜೀವಮಾನ ನಿಷೇಧಕ್ಕೆ ಒಳಗಾದ ಅದೇ ಡಾಕ್ಟರ್.) ಲೆಕ್ಕದ ಫೋಟೋ ತೆಗೆದು ತಂಡದ ವಾಟ್ಸಾಪ್ ಗುಂಪಿಗೆ ಹಾಕಿ, "ಇದು ಹೇಗೆ ಸಾಧ್ಯ?" ಅಂತ ಒಂದು ಸಾಲು ಬರೆದೆ.

ನಾನು ಬಿಟ್ಟದ್ದು ಗಾಳಿಯನ್ನು. ಆ ಸೂತ್ರದಲ್ಲಿ ಗಾಳಿಗೆ ಜಾಗವೇ ಇಲ್ಲ. ಏರಿನಲ್ಲಿ ಎಲ್ಲರೂ ನಿಧಾನ, ಗಾಳಿ ಏನು ಮಹಾ ಅಂದುಕೊಂಡಿದ್ದೆ. ಆದರೆ 11 ನಿಮಿಷಕ್ಕೆ 4 ಕಿಲೋಮೀಟರ್ ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್. ಗಾಳಿ ಬೀಸದ ದಿನವೂ ಆ ವೇಗದಲ್ಲಿ ಗಾಳಿಯನ್ನು ತಳ್ಳಿಕೊಂಡು ಹೋಗಲು 40ಕ್ಕಿಂತ ಜಾಸ್ತಿ ವ್ಯಾಟ್ ಬೇಕು. ಹಿಂದಿನ ವರ್ಷ ಗಾಳಿ ಇರಲಿಲ್ಲ. ಈ ಸಲ ಬೆನ್ನ ಹಿಂದಿನಿಂದ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿತ್ತು. ಆಗ ಆ ಖರ್ಚು ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಅವನ ತೂಕ 65 ಕಿಲೋ. 40ನ್ನು 65ರಿಂದ ಭಾಗಿಸಿ ನೋಡಿ, 0.6. ನಾನು ಮದ್ದು ಅಂದದ್ದರಲ್ಲಿ ಬಹುಪಾಲು ಗಾಳಿ. ಅದೇ ರೇಸಿನಲ್ಲಿ ನಾನೂ ಇದ್ದೆ. ನನ್ನ ಸಮಯವೂ ಒಂದು ನಿಮಿಷ ಇಳಿದಿತ್ತು. ಅದನ್ನು ಮಾತ್ರ ನನ್ನ ತರಬೇತಿಯ ಫಲ ಅಂದುಕೊಂಡಿದ್ದೆ.

ಮರುದಿನ ಅವನು ತುಳಿತದ ಶಕ್ತಿಯನ್ನು ನೇರವಾಗಿ ಅಳೆಯುವ ತನ್ನ ಪವರ್ ಮೀಟರಿನ ಫೈಲ್ ಗುಂಪಿಗೆ ಹಾಕಿದ. ಕಿಲೋಗೆ 5.1 ವ್ಯಾಟ್. ಒಂದು ಮಾತೂ ಬರೆಯಲಿಲ್ಲ, ಗುಂಪು ಬಿಟ್ಟ. ಕ್ಷಮೆ ಕೇಳಿದೆ. ಪರವಾಗಿಲ್ಲ ಅಂದ. ಆಮೇಲೆ ನಮ್ಮ ಜೊತೆ ಒಮ್ಮೆಯೂ ಸೈಕಲ್ ಹತ್ತಲಿಲ್ಲ. ಬೆಂಕಿ ಇಲ್ಲದೆ ಹೊಗೆ ಬರುತ್ತಾ ಅನ್ನುವವರು ತಂಡದಲ್ಲಿ ಇವತ್ತಿಗೂ ಇದ್ದಾರೆ. ಆ ಹೊಗೆ ಎಬ್ಬಿಸಿದ್ದು ನಾನು.

ಹಾಗಾಗಿ ಹೇಳಲಾ ಬೇಡವಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಹೇಳಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ಪರೀಕ್ಷೆಯಲ್ಲಿ ಸಿಕ್ಕಿಲ್ಲ ಅಂದರೆ ಶುದ್ಧ ಅಂತ ನಾನು ಹೇಳುತ್ತಿಲ್ಲ. ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಪರೀಕ್ಷೆಗಳನ್ನು ದಾಟಿಕೊಂಡೇ ಬಂದ. ಆದರೆ ಅವನ ಏಳು ಟೂರ್ ಡಿ ಫ್ರಾನ್ಸ್ ಗೆಲುವುಗಳನ್ನು ಕಿತ್ತುಕೊಂಡದ್ದು ಸ್ಟಾಪ್‌ವಾಚ್ ಅಲ್ಲ, ಜೊತೆಗೆ ಓಡಿಸಿದ 11 ಮಂದಿಯ ಸಾಕ್ಷ್ಯ. 1998ರಲ್ಲಿ ಫೆಸ್ಟಿನಾ ಸಿಕ್ಕಿಬಿದ್ದದ್ದು ಗಡಿಯಲ್ಲಿ ತಡೆದ ಕಾರಿನಲ್ಲಿದ್ದ ಮದ್ದಿನ ರಾಶಿಯಿಂದ. 2006ರಲ್ಲಿ ಸ್ಪೇನಿನ ಪೊಲೀಸರು ಹಿಡಿದದ್ದು ಸವಾರರ ಮೈಗೆ ಮತ್ತೆ ಏರಿಸಲು ಇಟ್ಟಿದ್ದ ರಕ್ತದ ಚೀಲಗಳನ್ನು. 2008ರಲ್ಲಿ ಬಂದ ಬಯಲಾಜಿಕಲ್ ಪಾಸ್‌ಪೋರ್ಟ್ ನೋಡುವುದೂ ಒಬ್ಬನ ರಕ್ತ ಕಾಲಕಾಲಕ್ಕೆ ಹೇಗೆ ಬದಲಾಗಿದೆ ಅಂತ, ಎಷ್ಟು ಬೇಗ ಹತ್ತಿದ ಅಂತ ಅಲ್ಲ.

ನೀವು ಸಿರಿಂಜ್ ಕಣ್ಣಾರೆ ನೋಡಿದ್ದರೆ, ಅವನೇ ಬಾಯಿಬಿಟ್ಟು ಹೇಳಿದ್ದರೆ, ಗೆಳೆತನ ಅಂತ ಸುಮ್ಮನಿರಬೇಡಿ. ನೇರವಾಗಿ ಡೋಪಿಂಗ್ ತಡೆ ಸಂಸ್ಥೆಗೆ ತಿಳಿಸಿ. ಗುಂಪಿಗೆ ಬೇಡ. ಬರೀ ಸಮಯ ಮಾತ್ರ ಇದ್ದರೆ ಅವತ್ತು ಗಾಳಿ ಎತ್ತ ಬೀಸುತ್ತಿತ್ತು ನೋಡಿ. ಆಮೇಲೆ ಅವನ ಹತ್ತಿರವೇ ಹೋಗಿ, ಇಷ್ಟು ಚೆನ್ನಾಗಿ ಹೇಗೆ ಹತ್ತಿದೆ ಮಾರಾಯ ಅಂತ ಕೇಳಿ. ನಾನು ಅದೊಂದನ್ನು ಕೇಳಲೇ ಇಲ್ಲ.