ಇಲಿನಾಯ್ಸ್‌ಗೆ ಹೊರಟಿರುವ ಕಾರೇಕೆರೆಯ ವಿದ್ಯಾರ್ಥಿನಿಗೆ

ಹಾಸನದ ಕಾರೇಕೆರೆ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸುತ್ತಿರುವ ನಿಮಗೆ ಅಮೆರಿಕದ ಇಲಿನಾಯ್ಸ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಆವರಣದಲ್ಲಿ ಬೆಳೆ ವಿಜ್ಞಾನದ ಎಂ.ಎಸ್.ಗೆ ಪ್ರವೇಶ ಸಿಕ್ಕಿರುವುದನ್ನು ಓದಿ ಬಹಳ ಸಂತೋಷವಾಯಿತು. ಅಷ್ಟು ಸಾವಿರ ವಿದ್ಯಾರ್ಥಿಗಳ ನಡುವೆ ನನ್ನನ್ನು ಯಾರು ಕೇಳುತ್ತಾರೆ, ಪಾಠ ಪರೀಕ್ಷೆಗಳು ನಮ್ಮಲ್ಲಿಯಂತೆಯೇ ಇರುತ್ತವೆಯೇ, ಓದುತ್ತಲೇ ದುಡಿದು ಬ್ಯಾಂಕಿನ ಸಾಲ ತೀರಿಸಬಹುದೇ ಎಂದು ನೀವು ಕೇಳಿದ್ದೀರಿ. ನಾನು ಆಲೂರು ತಾಲ್ಲೂಕಿನವನು. ಇದೇ ವಿಶ್ವವಿದ್ಯಾಲಯದಲ್ಲಿ ಓದಿ, ಇಲ್ಲಿಯೇ ಕೆಲಸಕ್ಕೆ ಸೇರಿ, ಇಲ್ಲಿಯೇ ನೆಲೆ ನಿಂತವನು. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ನಿಮ್ಮನ್ನು ಯಾರೂ ತಾವಾಗಿ ಬಂದು ವಿಚಾರಿಸುವುದಿಲ್ಲ. ಆದರೆ ನೀವಾಗಿ ಹೋಗಿ ಕೇಳಿದರೆ ಇಲ್ಲ ಎನ್ನುವವರೂ ಬಹಳ ಕಡಿಮೆ. ಇಲ್ಲಿಯ ವಿದ್ಯಾರ್ಥಿ ಜೀವನದ ಕಷ್ಟ, ಸುಖ ಎರಡೂ ಇದರಲ್ಲೇ ಅಡಗಿವೆ.

ನೀವು ಬರುತ್ತಿರುವುದು ಪೂರ್ತಿ ಅಪರಿಚಿತವಾದ ವ್ಯವಸ್ಥೆಗೇನೂ ಅಲ್ಲ. ಲಿಂಕನ್ ಅಧ್ಯಕ್ಷರಾಗಿದ್ದಾಗ, 1862ರಲ್ಲಿ ಬಂದ ಮಾರಿಲ್ ಕಾಯ್ದೆಯ ಪ್ರಕಾರ ಇಲ್ಲಿಯ ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಟ್ಟು, ಅದನ್ನು ಮಾರಿ ಬಂದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ನಡೆಸಲು ಅನುಕೂಲ ಮಾಡಿಕೊಟ್ಟಿತು. 1867ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ಅಂಥವುಗಳಲ್ಲಿ ಒಂದು. ನಮ್ಮ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ 1960ರಲ್ಲಿ ಪಂತನಗರದಲ್ಲಿ ಆರಂಭವಾದಾಗ ಅದಕ್ಕೆ ಹೆಗಲು ಕೊಟ್ಟಿದ್ದು ಇದೇ ಇಲಿನಾಯ್ಸ್. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ 1964ರಲ್ಲಿ ಈ ಮಾದರಿಯಲ್ಲಿಯೇ ಹುಟ್ಟಿತು. ಸೆಮಿಸ್ಟರು, ಕ್ರೆಡಿಟ್ಟು, ಗ್ರೇಡುಗಳ ಲೆಕ್ಕ ನಿಮಗೆ ಈಗಾಗಲೇ ರೂಢಿಯಾಗಿದೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರು ರೈತರ ಹೊಲಕ್ಕೆ ಹೋಗುವಂತೆ ಇಲ್ಲಿಯೂ ವಿಸ್ತರಣಾ ವಿಭಾಗದವರು ಜಿಲ್ಲೆ ಜಿಲ್ಲೆಗೆ ಹೋಗುತ್ತಾರೆ. ಇಂಜಿನಿಯರಿಂಗ್ ಓದಿ ಬರುವ ನಮ್ಮ ಮಕ್ಕಳಿಗಿಂತ ಈ ಒಂದು ವಿಷಯದಲ್ಲಿ ನೀವು ಮುಂದಿದ್ದೀರಿ ಎಂಬುದು ನನ್ನ ಅಭಿಪ್ರಾಯ.

ಐವತ್ತೈದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಎಂದ ಕೂಡಲೇ ಎದೆ ನಡುಗುವುದು ಸಹಜ. ಆದರೆ ಸ್ನಾತಕೋತ್ತರ ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೆಂದರೆ ತನ್ನ ವಿಭಾಗ, ತನ್ನ ಮಾರ್ಗದರ್ಶಕರು, ತನ್ನ ಪ್ರಯೋಗಾಲಯದ ಏಳೆಂಟು ಮಂದಿ. ನಿಮ್ಮ ವಿಭಾಗವಿರುವ ಟರ್ನರ್ ಹಾಲ್‌ನಲ್ಲಿ ಒಂದು ತಿಂಗಳು ಓಡಾಡಿದರೆ ಮುಖಗಳು ಪರಿಚಯವಾಗುತ್ತವೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಆವರಣದ ನಟ್ಟನಡುವೆ, ಮಾರೋ ಪ್ಲಾಟ್ಸ್ ಎಂಬ ಮೆಕ್ಕೆಜೋಳದ ತಾಕುಗಳಿವೆ. ಬಂದ ಮೊದಲ ವಾರವೇ ದಯವಿಟ್ಟು ನೋಡಿ. 1876ರಲ್ಲಿ ಶುರುವಾದ ಈ ಪ್ರಯೋಗ ಅಮೆರಿಕದಲ್ಲಿ ಈಗಲೂ ನಡೆಯುತ್ತಿರುವ ಬೆಳೆ ಪ್ರಯೋಗಗಳಲ್ಲಿಯೇ ಅತ್ಯಂತ ಹಳೆಯದು. ಒಂದು ತಾಕಿನಲ್ಲಿ ಅಂದಿನಿಂದ ಇಂದಿನವರೆಗೆ ವರ್ಷ ವರ್ಷವೂ ಮೆಕ್ಕೆಜೋಳವನ್ನೇ ಬೆಳೆಯುತ್ತಿದ್ದಾರೆ, ಉಳಿದವುಗಳಲ್ಲಿ ಬೆಳೆ ಪರಿವರ್ತನೆ ನಡೆದಿದೆ. ಪಕ್ಕದಲ್ಲಿ ಗ್ರಂಥಾಲಯ ಕಟ್ಟಬೇಕಾಗಿ ಬಂದಾಗ, ಕಟ್ಟಡದ ನೆರಳು ಬೆಳೆಯ ಮೇಲೆ ಬೀಳಬಾರದೆಂದು ಅದನ್ನು ನೆಲದಡಿಯಲ್ಲಿ ಕಟ್ಟಿದರು. 1969ರಲ್ಲಿ ಅದು ಮುಗಿಯಿತು. ಗೊಬ್ಬರ ಕಾಣದ ತಾಕಿನ ಸಣಕಲು ದಂಟನ್ನೂ ಪರಿವರ್ತನೆ ಮಾಡಿದ ತಾಕಿನ ಕಡುಹಸಿರನ್ನೂ ಒಂದೇ ನೋಟದಲ್ಲಿ ಕಂಡಾಗ, ಕಾರೇಕೆರೆಯಲ್ಲಿ ಮಣ್ಣಿನ ಸಾವಯವ ಇಂಗಾಲದ ಬಗ್ಗೆ ಬರೆದುಕೊಂಡ ನೋಟ್ಸೆಲ್ಲ ನಿಮ್ಮ ಕಣ್ಣ ಮುಂದೆ ನಿಲ್ಲುತ್ತದೆ.

ಇನ್ನು ಪಾಠದ ವಿಚಾರ. ಮೊದಲ ತರಗತಿಯಲ್ಲಿಯೇ ಸಿಲಬಸ್ ಎಂಬ ಕೆಲವು ಪುಟಗಳು ನಿಮ್ಮ ಕೈಗೆ ಬರುತ್ತವೆ. ನಮ್ಮಲ್ಲಿ ಸಿಲಬಸ್ ಎಂದರೆ ಪಾಠಗಳ ಪಟ್ಟಿ; ಇಲ್ಲಿ ಅದು ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ನಡುವಿನ ಕರಾರಿನಂತೆ. ಯಾವ ಮನೆಗೆಲಸಕ್ಕೆ ಎಷ್ಟು ಅಂಕ, ತಡವಾದರೆ ಎಷ್ಟು ಕಡಿತ, ಯಾವುದನ್ನು ಗೆಳೆಯರೊಡನೆ ಸೇರಿ ಮಾಡಬಹುದು, ಯಾವುದನ್ನು ಒಬ್ಬರೇ ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹಿರಿಯರ ರೆಕಾರ್ಡ್ ಪುಸ್ತಕ ನೋಡಿ ಬರೆಯುವ ಅಭ್ಯಾಸ ನಮ್ಮ ಕಾಲೇಜುಗಳಲ್ಲಿ ಎಷ್ಟು ಮಾಮೂಲಾಗಿದೆ ಎಂದು ನಾನು ಬಲ್ಲೆ. ಇಲ್ಲಿ ಒಂದು ಪ್ಯಾರಾವನ್ನು ಮೂಲ ಹೇಳದೆ ಎತ್ತಿಕೊಂಡರೂ ಅದು ಕೃತಿಚೌರ್ಯವೇ. ಅದರ ವಿಚಾರಣೆ ನಡೆಯುತ್ತದೆ, ತಪ್ಪು ಗಂಭೀರವಾದರೆ ವಿಶ್ವವಿದ್ಯಾಲಯದಿಂದಲೇ ಹೊರಹಾಕಬಹುದು, ಹಾಗಾದರೆ ವೀಸಾ ಕೂಡ ಉಳಿಯುವುದಿಲ್ಲ.

ಅದೇ ಸಿಲಬಸ್ಸಿನಲ್ಲಿ ಅಧ್ಯಾಪಕರ ಆಫೀಸ್ ಅವರ್ಸ್ ಯಾವಾಗ ಎಂದೂ ಬರೆದಿರುತ್ತದೆ. ವಾರದಲ್ಲಿ ಆ ಒಂದೆರಡು ಗಂಟೆ ಅವರು ಬಾಗಿಲು ತೆರೆದು ವಿದ್ಯಾರ್ಥಿಗಳಿಗಾಗಿಯೇ ಕುಳಿತಿರುತ್ತಾರೆ. ನಮ್ಮ ಕಡೆಯ ಮಕ್ಕಳು ಅಲ್ಲಿಗೆ ಹೋಗುವುದೇ ಇಲ್ಲ. ಮೇಷ್ಟ್ರ ಕೋಣೆಗೆ ಹೋಗುವುದೆಂದರೆ ಏನೋ ತಪ್ಪು ಮಾಡಿದ್ದೇವೆ ಎಂಬ ಭಾವನೆ ನಮಗೆ ಎಳವೆಯಿಂದ ಬಂದಿದೆ. ನೀವು ಎರಡನೇ ವಾರದಲ್ಲಿಯೇ ಹೋಗಿ. ಹೋದಾಗ ‘ಪಾಠ ಅರ್ಥವಾಗಲಿಲ್ಲ’ ಎಂದಷ್ಟೇ ಹೇಳಬೇಡಿ. ನೀವು ಮಾಡಿದ ಸಂಖ್ಯಾಶಾಸ್ತ್ರದ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟು, ‘ಬ್ಲಾಕ್‌ಗಳ ವರ್ಗಮೊತ್ತದವರೆಗೆ ನನಗೆ ಬಂತು, ದೋಷದ ಸ್ವಾತಂತ್ರ್ಯಾಂಕ ಇಷ್ಟೇಕೆ ಎಂಬುದು ಹೊಳೆಯಲಿಲ್ಲ’ ಎಂದು ಬೆರಳಿಟ್ಟು ತೋರಿಸಿ. ಅಧ್ಯಾಪಕರು ಎದ್ದು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ವಿವರಿಸುವ ಆ ಹತ್ತು ನಿಮಿಷ ಎಷ್ಟೋ ಉಪನ್ಯಾಸಗಳಿಗೆ ಸಮ. ಮುಂದೆ ಶಿಫಾರಸು ಪತ್ರ ಬೇಕಾದಾಗ ನಿಮ್ಮ ಹೆಸರು ಅವರ ನೆನಪಿನಲ್ಲಿ ಉಳಿದಿರುವುದೂ ಇದರಿಂದಲೇ. ಹೊಲದ ಪ್ರಯೋಗವನ್ನು ಬ್ಲಾಕ್‌ಗಳಾಗಿ ಹಂಚುವ ಆರ್‌ಸಿಬಿಡಿ, ಅದರ ಫಲಿತಾಂಶವನ್ನು ವಿಶ್ಲೇಷಿಸುವ ಅನೋವಾ, ಇವನ್ನು ನೀವು ಕೈಲೆಕ್ಕದಲ್ಲಿ ಕಲಿತಿದ್ದೀರಿ. ಇಲ್ಲಿ ಇವನ್ನು ಹೆಚ್ಚಾಗಿ ಆರ್ ಎಂಬ ತಂತ್ರಾಂಶದಲ್ಲಿ ಮಾಡಿಸುತ್ತಾರೆ. ಅದು ಉಚಿತವಾಗಿ ಸಿಗುತ್ತದೆ. ಹೊರಡುವುದರೊಳಗೆ ಕಲಿಯಲು ಶುರುಮಾಡಿ.

ದುಡಿಮೆಯ ವಿಚಾರದಲ್ಲಿ ಬಣ್ಣದ ಮಾತು ನಂಬಬೇಡಿ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ, ಅದೂ ಆವರಣದೊಳಗೆ ಮಾತ್ರ ಕೆಲಸ ಮಾಡಬಹುದು. ಊಟದ ಹಾಲ್‌ನಲ್ಲಿಯೋ ಗ್ರಂಥಾಲಯದಲ್ಲಿಯೋ ಸಿಗುವ ಗಂಟೆ ಲೆಕ್ಕದ ಸಂಬಳದಿಂದ ದಿನಸಿ ಖರ್ಚು ನೀಗಬಹುದೇ ಹೊರತು ಶುಲ್ಕವೂ ಸಾಲವೂ ತೀರುವುದಿಲ್ಲ. ಅನುಮತಿಯಿಲ್ಲದೆ ಹೊರಗಿನ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ನಗದಿಗೆ ದುಡಿಯಲು ಯಾರಾದರೂ ಕರೆದರೆ, ಎಷ್ಟೇ ಕಷ್ಟವಿರಲಿ, ಹೋಗಬೇಡಿ. ನಿಜವಾದ ದಾರಿ ಎಂದರೆ ಅಸಿಸ್ಟೆಂಟ್‌ಶಿಪ್. ವಾರಕ್ಕೆ 20 ಗಂಟೆಯ ಸಂಶೋಧನಾ ಅಥವಾ ಬೋಧನಾ ಸಹಾಯಕಿಯ ಹುದ್ದೆ ಸಿಕ್ಕರೆ ಬೋಧನಾ ಶುಲ್ಕ ಮನ್ನಾ ಆಗುತ್ತದೆ, ತಿಂಗಳ ಸಂಬಳವೂ ಬರುತ್ತದೆ. ಇತರ ಕೆಲವು ಶುಲ್ಕಗಳನ್ನಷ್ಟೇ ಕೈಯಿಂದ ಕಟ್ಟಬೇಕು. ಬೋಧನಾ ಸಹಾಯಕಿಯಾಗಲು ಇಂಗ್ಲಿಷ್ ಮಾತುಗಾರಿಕೆಯಲ್ಲಿ ನಿಗದಿತ ಮಟ್ಟದ ಅಂಕ ಬೇಕು. ಸಂಶೋಧನಾ ಹುದ್ದೆಯ ಹಣ ಸಾಮಾನ್ಯವಾಗಿ ಪ್ರಾಧ್ಯಾಪಕರ ಯೋಜನೆಗಳಿಂದ ಬರುತ್ತದೆ, ಆದ್ದರಿಂದ ಅದನ್ನು ಅವರನ್ನೇ ಕೇಳಬೇಕು.

ಕೇಳುವುದು ಹೇಗೆಂದರೆ, ‘ಗೌರವಾನ್ವಿತರೇ, ನಾನು ಶ್ರಮಜೀವಿ’ ಎಂದು ಮೂವತ್ತು ಜನರಿಗೆ ಒಂದೇ ಪತ್ರ ಕಳಿಸಿದರೆ ಯಾರೂ ಓದುವುದಿಲ್ಲ. ನಾಲ್ಕೈದು ಪ್ರಾಧ್ಯಾಪಕರ ಇತ್ತೀಚಿನ ಲೇಖನಗಳನ್ನು ಓದಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ. ರಾವೆ ಎಂಬ ಗ್ರಾಮೀಣ ಕೃಷಿ ಅನುಭವದ ತರಬೇತಿಯ ಅವಧಿಯಲ್ಲಿ ಆಲೂಗಡ್ಡೆ ಬೆಳೆಯುವ ಹಳ್ಳಿಯಲ್ಲಿದ್ದು ಅಂಗಮಾರಿ ರೋಗದಿಂದ ರೈತರು ಪಟ್ಟ ಪಾಡನ್ನು ಕಂಡೆನೆಂದು ನನಗೆ ಬರೆದಿದ್ದೀರಲ್ಲ, ಅದನ್ನೇ ಬರೆಯಿರಿ: ಪಂಜಾಬಿನ ಬಿತ್ತನೆ ಗೆಡ್ಡೆ ಬಂದದ್ದು, ಮಳೆ ಹಿಡಿದದ್ದು, ಯಾವ ಹೊಲದಲ್ಲಿ ರೋಗ ಮೊದಲು ಕಂಡಿತು, ಸಿಂಪಡಣೆ ಎಷ್ಟು ತಡವಾಯಿತು. ಹೊಲದಲ್ಲಿ ನಿಂತು ನೋಡಿದ ವಿದ್ಯಾರ್ಥಿನಿಯನ್ನು ಒಳ್ಳೆಯ ಪ್ರಾಧ್ಯಾಪಕರು ಆ ನಾಲ್ಕು ಸಾಲುಗಳಲ್ಲಿಯೇ ಗುರುತಿಸುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಸಿಗದಿದ್ದರೆ ಎರಡನೆಯದಕ್ಕೆ ಮತ್ತೆ ಕೇಳಿ. ಒಂದು ‘ಇಲ್ಲ’ದಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ನಿಮ್ಮ ತಂದೆಯವರಿಗೆ ಒಂದು ಮಾತು ತಿಳಿಸಿ. ಇಲ್ಲಿಯ 1974ರ ಕಾನೂನಿನ ಪ್ರಕಾರ ವಿದ್ಯಾರ್ಥಿಯ ಅಂಕಗಳ ವಿವರ ವಿದ್ಯಾರ್ಥಿಗೆ ಸೇರಿದ್ದು. ಅವರು ಫೋನ್ ಮಾಡಿದರೆ ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಇಲ್ಲಿಯ ಕಚೇರಿಯವರು ಏನನ್ನೂ ಹೇಳಲಾರರು, ನೀವೇ ವಾರಕ್ಕೊಮ್ಮೆ ಹೇಳಬೇಕು. ಓದು ಭಾರವೆನಿಸಿದರೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ವಿಚಾರಿಸದೆ ಯಾವ ಕೋರ್ಸನ್ನೂ ಬಿಡಬೇಡಿ, ಕ್ರೆಡಿಟ್ ಕಡಿಮೆಯಾದರೆ ವೀಸಾಕ್ಕೆ ತೊಂದರೆ. ಮನಸ್ಸು ಕುಗ್ಗಿದರೆ ಆಪ್ತಸಲಹಾ ಕೇಂದ್ರವಿದೆ. ಜನವರಿಯ ಚಳಿಯಲ್ಲಿ ಇಲ್ಲಿಯವರೂ ಅಲ್ಲಿಗೆ ಹೋಗುತ್ತಾರೆ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ವಿದ್ಯಾರ್ಥಿ ಗುರುತಿನ ಚೀಟಿ ತೋರಿಸಿದರೆ ಊರಿನ ಬಸ್ಸು ಉಚಿತ. ಚಿಕಾಗೋ ಸುಮಾರು 220 ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗಿಂತ ತುಸು ಹೆಚ್ಚು ದೂರ.

ದಪ್ಪ ಕೋಟನ್ನು ಅಲ್ಲಿ ಕೊಳ್ಳಬೇಡಿ, ಇಲ್ಲಿಯ ಚಳಿಗೆ ಅದು ಸಾಲದು. ಆದರೆ ದಡಾರ ಮೊದಲಾದ ಲಸಿಕೆಗಳ ದಾಖಲೆಯನ್ನು ವೈದ್ಯರ ಸಹಿ ಮತ್ತು ದಿನಾಂಕದೊಡನೆ ಇಂಗ್ಲಿಷಿನಲ್ಲಿ ಈಗಲೇ ಮಾಡಿಸಿಕೊಳ್ಳಿ. ಅದಿಲ್ಲದಿದ್ದರೆ ಮುಂದಿನ ನೋಂದಣಿಗೆ ಅಡ್ಡಿಯಾಗುತ್ತದೆ. ಪ್ರಾಧ್ಯಾಪಕರಿಗೆ ಬರೆಯುವ ಪತ್ರದ ಕರಡು ಸಿದ್ಧವಾದಾಗ ನನಗೆ ಕಳುಹಿಸಿ, ಓದಿ ಹೇಳುತ್ತೇನೆ.